ಕ್ರಿಸ್ಮಸ್ ಒಳಗೆ ಮಗ ಎದ್ದು ನಿಲ್ಲಬೇಕು ಅಂದರು

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಸಿಸಿಲಿಯಾ ಬಾಯಿಗೆ ಐವತ್ತು ದಾಟಿದೆ. ಕಾಸರಗೋಡಿನ ಎಣ್ಮಕಜೆ ಕಡೆಯ ಒಂದು ಗುಡ್ಡದ ಬದಿಯಲ್ಲಿ ಮನೆ. ಬೀಡಿ ಕಟ್ಟುತ್ತಾರೆ. ಗಂಡ ರಬ್ಬರ್ ಟ್ಯಾಪಿಂಗ್‌ಗೆ ಹೋಗುತ್ತಾರೆ. ಮಗಳು ಮಂಗಳೂರಿನಲ್ಲಿ ನರ್ಸ್. ಮಗನಿಗೆ ಇಪ್ಪತ್ತೇಳು ವರ್ಷ. ನಡೆಯಲು ಬರುವುದಿಲ್ಲ, ಮಾತಿಲ್ಲ, ಅಪಸ್ಮಾರವೂ ಇದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದವರ ಸರ್ಕಾರಿ ಪಟ್ಟಿಯಲ್ಲಿ ಅವನ ಹೆಸರಿದೆ.

ನಾನು ಆಪ್ತಸಲಹೆ ಕೊಡುವವಳು. ಅವರನ್ನು ನನ್ನ ಹತ್ತಿರ ಕಳುಹಿಸಿದ್ದು ಅವರ ಚರ್ಚಿನ ಫಾದರ್. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಎರಡನೇ ಭಾನುವಾರ ಕಳೆದಿತ್ತು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ನಮ್ಮ ಮಾತು ಕನ್ನಡದಲ್ಲೇ ನಡೆಯಿತು. ಅಳು ಬಂದಾಗ ಮಾತ್ರ ಅವರು ಕೊಂಕಣಿಗೆ ಹೊರಳುತ್ತಿದ್ದರು.

"ನಿದ್ದೆ ಬರುವುದಿಲ್ಲ ಟೀಚರೇ, ಬೇರೆ ಏನಿಲ್ಲ" ಅಂದರು ಮೊದಲು. ಸ್ವಲ್ಪ ಹೊತ್ತಿನ ಮೇಲೆ ವಿಷಯ ಹೊರಗೆ ಬಂತು. ನಾದಿನಿ ಒಂದು ಪ್ರಾರ್ಥನಾ ಗುಂಪನ್ನು ಮನೆಗೆ ಕರೆತಂದಿದ್ದರು. ಅವರು ಮಗನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ ತಾಯಿಗೆ ಹೇಳಿದರು: ಅಡಗಿಸಿಟ್ಟ ಪಾಪ ಏನಿದೆಯೋ ಹೇಳಿಬಿಡಿ. ದೇವರನ್ನು ಪೂರ್ತಿ ನಂಬುವವರಾದರೆ ಮಾತ್ರೆ ಬಿಡಿ. ಕ್ರಿಸ್ಮಸ್ ಒಳಗೆ ಹುಡುಗ ಎದ್ದು ನಿಲ್ಲುತ್ತಾನೆ.

ಮಾತ್ರೆ ನಿಲ್ಲಿಸಿ ಆಗಲೇ ಮೂರು ದಿನವಾಗಿತ್ತು.

ಆಪ್ತಸಲಹೆಯನ್ನು ಅಲ್ಲಿಗೇ ನಿಲ್ಲಿಸಿದೆ. ಅಪಸ್ಮಾರದ ಮಾತ್ರೆಯನ್ನು ಹಠಾತ್ತಾಗಿ ಬಿಟ್ಟರೆ ಫಿಟ್ಸ್ ಒಂದರ ಹಿಂದೆ ಒಂದು ಬರಬಹುದು, ಜೀವಕ್ಕೇ ಅಪಾಯ. ಮಗನನ್ನು ನೋಡುವ ಡಾಕ್ಟರಿಗೆ ಅವರ ಎದುರೇ ಫೋನ್ ಹಚ್ಚಿಸಿದೆ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಡಾಕ್ಟರು ಹೇಳಿದಂತೆ ಮಾತ್ರೆ ಮತ್ತೆ ಶುರುವಾಯಿತು. ಐದು ನಿಮಿಷಕ್ಕಿಂತ ಜಾಸ್ತಿ ಫಿಟ್ಸ್ ಬಂದರೆ, ಅಥವಾ ಒಂದು ಬಂದು ಎಚ್ಚರ ಆಗುವ ಮೊದಲೇ ಇನ್ನೊಂದು ಬಂದರೆ, ಕಾಯದೆ ಆಸ್ಪತ್ರೆಗೆ ಓಡಬೇಕು ಅಂತ ಗಂಡನಿಗೂ ತಿಳಿಸಿದೆ. ನಂಬಿಕೆಯ ಮಾತು ಏನಿದ್ದರೂ ಇದಾದ ಮೇಲೆ.

ಮುಂದಿನ ಸಲ ಬಂದಾಗ "ಆ ಗುಂಪಿಗೆ ಯಾವ ಪಾಪ ಹೇಳಿದಿರಿ?" ಅಂತ ಕೇಳಿದೆ. ಉತ್ತರ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲಕ್ಕೆ ಹೋಯಿತು. ಈ ಕಡೆಯವರಿಗೆ ಆ ಕಾಲ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಒಡೆತನದ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಬಾವಿ ಮುಚ್ಚಿಡಿ ಅನ್ನುತ್ತಿದ್ದರಂತೆ. ಇವರ ಮನೆಗೆ ಬಾವಿಯೇ ಇಲ್ಲ. ಗುಡ್ಡ ಕೊರೆದ ಸುರಂಗದ ನೀರು. ಹರಿದು ಬರುವ ನೀರಿಗೆ ಮುಚ್ಚಳ ಎಲ್ಲಿಂದ ತರುವುದು? ಹೊಟ್ಟೆಯಲ್ಲಿ ಮಗುವಿದ್ದಾಗ ಇವರು ಆ ನೀರನ್ನೇ ಕುಡಿದಿದ್ದರು. ಹೆಲಿಕಾಪ್ಟರ್ ಸದ್ದು ಕೇಳಿದಾಗ ಅಂಗಳಕ್ಕೆ ಓಡಿ ಬಂದು ನೋಡಿದ್ದರು, ಊರಿನ ಮಕ್ಕಳೆಲ್ಲ ನೋಡಿದ ಹಾಗೆ. "ನೋಡಲು ಹೋಗಿದ್ದೇ ನನ್ನ ಪಾಪ" ಅಂತ ಗುಂಪಿನವರ ಎದುರು ಮೊಣಕಾಲೂರಿ ಹೇಳಿಕೊಂಡಿದ್ದರು.

ನನಗೆ ಸಿಟ್ಟು ಬಂತು. ಅದನ್ನು ಅವರ ಎದುರು ತೋರಿಸಲಿಲ್ಲ.

ಒಂದು ಹಾಳೆ ಕೊಟ್ಟು, ಆ ಕೀಟನಾಶಕ ಆರಿಸಿದವರು ಯಾರು, ಸಿಂಪಡಿಸಿದವರು ಯಾರು, ಅಪಾಯ ಏನೆಂದು ತಿಳಿದಿರಬೇಕಾದವರು ಯಾರು, ಅವತ್ತು ನಿಮಗೆ ಏನು ಗೊತ್ತಿತ್ತು, ಎಲ್ಲ ಬರೆಯಿರಿ ಅಂದೆ. ಅವರ ಹೆಸರಿನ ಮುಂದೆ ಬರೆಯಲು ಏನೂ ಸಿಗಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ತಡೆಯಿತು. 2017ರಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು. "ಕೋರ್ಟು ಯಾವ ತಾಯಿಗೂ ದಂಡ ಹಾಕಲಿಲ್ಲ ಬಾಯಿ" ಅಂದೆ. ಸಣ್ಣಗೆ ನಕ್ಕರು. "ಕೋರ್ಟಿನ ಲೆಕ್ಕ ಸರಿ ಟೀಚರೇ. ದೇವರ ಲೆಕ್ಕ ಬೇರೆ ಅಲ್ವಾ?"

ನಾನು ಕ್ರೈಸ್ತಳಲ್ಲ. ಅವರ ದೇವರ ಬಗ್ಗೆ ನಾನು ಉಪದೇಶ ಮಾಡಿದರೆ ಅದು ಸುಮ್ನೆ ಬಾಯಿಮಾತು. ಅವರ ಒಪ್ಪಿಗೆ ಕೇಳಿ ಮುಂದಿನ ಭೇಟಿಗೆ ಫಾದರನ್ನು ಕರೆದೆ. ಫಾದರ್ ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆಗೆದರು. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರೆ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂತ. ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಅನ್ನುತ್ತಾರೆ ಯೇಸು. ಸಿಸಿಲಿಯಾ ಬಾಯಿ ಥಟ್ಟನೆ ಅಂದರು: "ಆದರೆ ಆಮೇಲೆ ಅವನಿಗೆ ಕಣ್ಣು ಕೊಟ್ಟರಲ್ಲ ಫಾದರ್. ನನ್ನ ಮಗನಿಗೆ?"

ಫಾದರ್ ಸುಳ್ಳು ಭರವಸೆ ಕೊಡಲಿಲ್ಲ. ಕ್ರಿಸ್ಮಸ್ ಕಥೆಯನ್ನೇ ಇನ್ನೊಮ್ಮೆ ನೋಡಿ ಅಂದರು. ದೇವರು ತನ್ನ ಪ್ರೀತಿ ತೋರಿಸಲು ಮಗುವಾಗಿ ಬಂದಾಗಲೂ, ಆ ಮಗುವನ್ನು ಮುಗಿಸಲು ಬೆಥ್ಲೆಹೇಮಿನ ಗಂಡುಮಕ್ಕಳನ್ನು ಕೊಲ್ಲಿಸಿದ ರಾಜ ಹೆರೋದ ಸಿಂಹಾಸನದ ಮೇಲೇ ಇದ್ದ. ಕನಸಿನಲ್ಲಿ ಬಂದ ದೇವದೂತ ಹೆರೋದನನ್ನು ತೆಗೆಯುತ್ತೇನೆ ಅಂತ ಜೋಸೆಫರಿಗೆ ಹೇಳಲಿಲ್ಲ. ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡು ಅಂದ. ಜೋಸೆಫರು ರಾತ್ರಿಯೇ ಹೊರಟರು. "ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತೀರಲ್ಲ, ಅದೂ ಹಾಗೆ ಎದ್ದು ಹೊರಡುವುದೇ. ಅದು ನಂಬಿಕೆ ಕಡಿಮೆಯಾದದ್ದಲ್ಲ."

"ಬೆಥ್ಲೆಹೇಮಿನ ಉಳಿದ ತಾಯಂದಿರಿಗೆ ಯಾಕೆ ಕನಸು ಬೀಳಲಿಲ್ಲ ಫಾದರ್?"

ನಾನು ಪೆನ್ನು ಕೆಳಗಿಟ್ಟೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಂದರು ಫಾದರ್. ಆ ಮಕ್ಕಳಿಗಾಗಿ ಚರ್ಚು ಡಿಸೆಂಬರ್ 28ನ್ನು ಇಟ್ಟಿದೆ. ಮತ್ತಾಯನು ತನ್ನ ಸುವಾರ್ತೆಯಲ್ಲಿ, ಮಕ್ಕಳನ್ನು ಕಳೆದುಕೊಂಡ ತಾಯಿ ರಾಹೇಲಳು ಅತ್ತದ್ದನ್ನು ಬರೆದಿದ್ದಾನೆ, ಅವಳು ಸಮಾಧಾನ ಬೇಡ ಅಂದದ್ದನ್ನೂ ಬರೆದಿದ್ದಾನೆ. ಅವಳ ಬಾಯಿ ಮುಚ್ಚಿಸಿಲ್ಲ ಅಂದರು. ನನ್ನ ಲೆಕ್ಕದಲ್ಲಿ ಆ ದಿನದ ದೊಡ್ಡ ಮಾತು ಇದೇ. ಕ್ರಿಸ್ಮಸ್ ಅಂದರೆ ಖುಷಿಯಾಗಿರಲೇಬೇಕು ಅನ್ನುವ ಒತ್ತಡ ದುಃಖದಲ್ಲಿರುವವರನ್ನು ಇನ್ನಷ್ಟು ದೂರ ತಳ್ಳುತ್ತದೆ. "ಗೋದಲಿ ಮುಂದೆ ಕೂತು ಅಳಬಹುದು, ಜಗಳವೂ ಆಡಬಹುದು" ಅಂತ ಅವರಿಗೆ ಹೇಳಿದೆ. ಫಾದರ್ ತಲೆಯಾಡಿಸಿದರು.

ಮುಂದೆ ಕೊಟ್ಟ ಸಲಹೆ ಹೀಗೆ. ಪ್ರಾರ್ಥನೆ ಇರಲಿ, ಗಡುವು ಬೇಡ. ಮಾತ್ರೆ ಬಿಡಿ ಅನ್ನುವವರು ಯಾರೇ ಆಗಲಿ, ಮನೆಯೊಳಗೆ ಬೇಡ. ಮಗ ಎದ್ದು ನಿಲ್ಲುವವರೆಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡುವುದಿಲ್ಲ ಅಂತ ಹರಕೆ ಹೊತ್ತಿದ್ದರು. ಅದನ್ನು ಬಿಡಿಸಿದವರು ಫಾದರೇ. ಮಗನಿಗೆ ಅದರಲ್ಲಿ ನೆವರಿ ಎಂಬ ಕರಿದ ಸಿಹಿತಿಂಡಿ ಇಷ್ಟವಂತೆ, ಒಳಗಿನ ಹೂರಣ ಕೊಟ್ಟರೆ ನುಂಗುತ್ತಾನೆ. ಮಗ ಕಿರುಚುತ್ತಾನೆ, ಜನ ತಿರುಗಿ ನೋಡುತ್ತಾರೆ ಅಂತ ವರ್ಷಗಳಿಂದ ಚರ್ಚಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ನಡುರಾತ್ರಿಯ ಪೂಜೆ ಬಿಟ್ಟು 25ರ ಬೆಳಗಿನ ಪೂಜೆಗೆ ಬರಲಿ, ಪಕ್ಕದ ಬಾಗಿಲ ಹತ್ತಿರ ಜಾಗ ಇಡುತ್ತೇವೆ ಅಂದರು ಫಾದರ್. ಅಂತೆಯೇ ಆಯಿತು. ಮಗ ಕಿರುಚಿದ, ಒಂದಿಬ್ಬರು ತಿರುಗಿ ನೋಡಿದರು, ಪೂಜೆ ಮುಂದುವರಿಯಿತು. ರಾತ್ರಿ ಪಾಳಿಯಲ್ಲಿ ವಾರಕ್ಕೆ ಮೂರು ದಿನ ಗಂಡನೇ ಎದ್ದು ನೋಡಿಕೊಳ್ಳುತ್ತಾರೆ. ನಿದ್ದೆ ಅದರಿಂದಲೇ ಅರ್ಧ ಸರಿಹೋಯಿತು.

ಎಲ್ಲದರ ಬುಡದಲ್ಲಿದ್ದ ಭಯ ಬೇರೆಯೇ. "ನಾನು ಸತ್ತ ಮೇಲೆ ಇವನಿಗೆ ಯಾರು?" ಪವಾಡಕ್ಕೆ ಅಷ್ಟು ಅವಸರ ಇದ್ದದ್ದು ಅದಕ್ಕೇ. ಇದಕ್ಕೆ ಕಾಗದದ ಕೆಲಸವೂ ಬೇಕು. ಮಗನಿಗೆ 18 ದಾಟಿದ ಮೇಲೆ ಕಾನೂನಿನ ಲೆಕ್ಕದಲ್ಲಿ ತಂದೆತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಅರ್ಜಿ ಕಲೆಕ್ಟರ ಕಚೇರಿಯ ಮೂಲಕ. ಮಲಯಾಳದ ಫಾರಂ ನೋಡಿ ಹಿಂಜರಿಯುವುದು ಬೇಡ, ಕನ್ನಡದಲ್ಲೇ ಬರೆದು ಕೊಡಬಹುದು. ಆರೈಕೆ ಮಾಡುವವರಿಗೆ ಕೇರಳ ಸರ್ಕಾರದ ಆಶ್ವಾಸಕಿರಣಂ ಎಂಬ ಧನಸಹಾಯ ಯೋಜನೆಯಿದೆ, ಹಗಲು ಹೊತ್ತಿಗೆ ಇಂಥ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯತಿನ ಬಡ್ಸ್ ಕೇಂದ್ರವಿದೆ.

ಮುಂದಿನ ಪೋಷಕಿ ಮಗಳೇ ಅಂತ ತಾಯಿ ಮನಸ್ಸಿನಲ್ಲೇ ನಿರ್ಧರಿಸಿದ್ದರು. ಅವಳನ್ನು ಕೇಳಿರಲಿಲ್ಲ. ಹೆಣ್ಣುಮಗಳು ಮಾಡೇ ಮಾಡುತ್ತಾಳೆ ಅಂದುಕೊಳ್ಳುವುದು ನಮ್ಮಲ್ಲಿ ಜಾಸ್ತಿ. ರಜೆಗೆ ಬಂದಾಗ ಕೂರಿಸಿ ಕೇಳಿಸಿದೆ. ಅವಳು ಒಪ್ಪಿದಳು, ಆದರೆ ಮಂಗಳೂರಿನ ಕೆಲಸ ಬಿಡುವುದಿಲ್ಲ ಅಂದಳು. ಅದಕ್ಕೆ ತಕ್ಕ ವ್ಯವಸ್ಥೆ ಏನು ಅಂತ ಈಗ ಮಾತು ನಡೆದಿದೆ.

ನಾದಿನಿಯೊಂದಿಗೆ ಇನ್ನೂ ಮಾತಿಲ್ಲ. ರಾಜಿ ಮಾಡಿಕೊಳ್ಳಿ ಅಂತ ನಾನು ಒತ್ತಾಯಿಸಿಲ್ಲ. ಅವರು ಬಂದರೆ ಊಟ ಹಾಕಿ, ಮಾತ್ರೆ ಡಬ್ಬಿ ಮಾತ್ರ ಅವರ ಕೈಗೆ ಸಿಗದಂತೆ ಇಡಿ ಅಂದಿದ್ದೇನೆ.