ಸ್ಕೀ ಪರ್ವತಾರೋಹಣ: ಬ್ಯಾಗಿನಲ್ಲಿ ಏನಿರಬೇಕು, ಏನು ಬಿಡಬಹುದು?

ರೆಸಾರ್ಟ್‌ನಲ್ಲಿ ಸ್ಕೀ ಮಾಡಿ ಗೊತ್ತಿದೆ, ಈಗ ಹಿಮನದಿ ದಾಟಿ ಶಿಖರ ಹತ್ತುವ ಎರಡು ದಿನದ ಪ್ರಯಾಣಕ್ಕೆ ಹೊರಟಿದ್ದೇನೆ, ರಾತ್ರಿ ಹಟ್‌ನಲ್ಲಿ (ಬೆಟ್ಟದ ತಂಗುಮನೆ) ತಂಗುವುದು, ಬ್ಯಾಗು ಆಗಲೇ 15 ಕೆಜಿ ದಾಟಿದೆ ಅಂತ ಬರೆದಿದ್ದೀರಿ. 15 ಕೆಜಿ ಜಾಸ್ತಿ ಆಯಿತು. ಖಂಡಿತ ಇಳಿಸಬಹುದು.

ಕೊಳ್ಳುವುದರಲ್ಲಿ ಮೊದಲು ಬೂಟು. ಹೆಚ್ಚಿನವರು ಸ್ಕೀಯಿಂದ ಶುರು ಮಾಡುತ್ತಾರೆ, ನಾನು ಅದನ್ನು ಒಪ್ಪುವುದಿಲ್ಲ. ಸ್ಕೀ ಸ್ವಲ್ಪ ಹೆಚ್ಚುಕಮ್ಮಿ ಆದರೂ ದಿನ ಸಾಗುತ್ತದೆ, ಬೂಟು ಕಚ್ಚಿದರೆ ಪ್ರಯಾಣ ಅಲ್ಲಿಗೇ ನಿಲ್ಲುತ್ತದೆ. ಹಾಕಿಕೊಳ್ಳುವ ಕಾಲುಚೀಲದ ಜೊತೆಗೇ ತೊಟ್ಟು ಅರ್ಧ ಗಂಟೆ ಓಡಾಡಿ ನೋಡಿ. ನಡೆಯುವ ಮೋಡ್‌ನಲ್ಲಿ ಹೆಜ್ಜೆ ಎತ್ತಿದಾಗ ಹಿಮ್ಮಡಿ ಒಳಗೆ ಮೇಲೇಳಬಾರದು, ಬೆರಳುಗಳು ಮಾತ್ರ ಆರಾಮಾಗಿ ಆಡಬೇಕು. ಬೂಟಿನ ಮುಂತುದಿಯ ಎರಡೂ ಬದಿಗೆ ಪುಟ್ಟ ಲೋಹದ ಗುಳಿಗಳಿವೆಯಾ ನೋಡಿ. ಬೂಟನ್ನು ಸ್ಕೀಗೆ ಕೂರಿಸುವ ಪಿನ್ ಬೈಂಡಿಂಗ್ ಹಿಡಿಯುವುದು ಅಲ್ಲೇ. ರೆಸಾರ್ಟ್ ಬೂಟುಗಳಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ. ಕಾಲಿನ ಮೇಲಿನ ಭಾರ ಬೆನ್ನಿನ ಭಾರಕ್ಕಿಂತ ಬೇಗ ಸುಸ್ತು ಮಾಡುತ್ತದೆ, ಹಾಗಾಗಿ ತೂಕ ಇಳಿಸಲು ದುಡ್ಡು ಹಾಕುವುದಾದರೆ ಇಲ್ಲೇ ಹಾಕಿ.

ಸ್ಕೀಯ ನಡುಭಾಗ 85ರಿಂದ 95 ಮಿಮೀ ಅಗಲ ಇದ್ದರೆ ಸಾಕು. 65 ಮಿಮೀ ಆಸುಪಾಸಿನ ರೇಸ್ ಸ್ಕೀ ಈಗಲೇ ಬೇಡ.

ಸ್ಕಿನ್‌ಗಳ ಬಗ್ಗೆ, ಅಂದರೆ ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ಅಂಟಿಸುವ ಪಟ್ಟಿಗಳ ಬಗ್ಗೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕತ್ತರಿಸುವಾಗ ಸ್ಕೀಯ ಎರಡೂ ಲೋಹದ ಅಂಚು ಹೊರಗೆ ಕಾಣುವಂತೆ ಬಿಡಿ. ಅಂಚು ಮುಚ್ಚಿಹೋದರೆ ಗಟ್ಟಿ ಹಿಮದ ಅಡ್ಡ ಇಳಿಜಾರಿನಲ್ಲಿ ಸ್ಕೀ ಕಚ್ಚಿ ನಿಲ್ಲುವುದಿಲ್ಲ. ಮತ್ತೆ ಹತ್ತುವುದಿದ್ದರೆ, ತೆಗೆದ ಸ್ಕಿನ್ ಮಡಚಿ ಜಾಕೆಟ್ ಒಳಗೆ ಇಟ್ಟುಕೊಳ್ಳಿ. ಅಂಟು ತಣ್ಣಗಾಗಿ, ಮೇಲೆ ಹಿಮ ಮೆತ್ತಿಕೊಂಡರೆ ಮತ್ತೆ ಅಂಟುವುದೇ ಇಲ್ಲ. ಹಾಗಾದಾಗ ಸ್ಕೀ ಸ್ಟ್ರಾಪ್‌ನಿಂದ ಬಿಗಿದು ಕೆಲಸ ಸಾಗಿಸಬಹುದು. ರಾತ್ರಿ ಒಣಹಾಕಿ, ಆದರೆ ಒಲೆಯ ಹತ್ತಿರ ಬೇಡ, ಅಂಟು ಕೆಡುತ್ತದೆ.

ತೂಕ ಎಷ್ಟೇ ಆಗಲಿ, ಟ್ರಾನ್ಸೀವರ್ (ಹೂತವರನ್ನು ಪತ್ತೆ ಮಾಡಲು ಸಂಕೇತ ಕಳಿಸುವ, ಹಿಡಿಯುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕಡ್ಡಿ), ಸಲಿಕೆ ಈ ಮೂರನ್ನು ಬಿಡಬೇಡಿ. ಹಿಮಕುಸಿತದಲ್ಲಿ ಹೂತವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷದ ಆಚೆ ಸರ್ರನೆ ಇಳಿಯುತ್ತದೆ. ಅಷ್ಟರಲ್ಲಿ ಹೊರಗಿನ ಸಹಾಯ ಬರುವುದು ಕಷ್ಟ, ಜೊತೆಯಲ್ಲಿದ್ದವರೇ ಅಗೆದು ತೆಗೆಯಬೇಕು. ಟ್ರಾನ್ಸೀವರ್ ಮೈಮೇಲೆ ಇರಲಿ, ಬ್ಯಾಗಿನಲ್ಲಲ್ಲ. ಫೋನ್ ಅದರಿಂದ ಕನಿಷ್ಠ 20 ಸೆಂಮೀ ದೂರ, ಹುಡುಕುವಾಗ 50 ಸೆಂಮೀ. ಸಲಿಕೆ ಲೋಹದ್ದೇ ಬೇಕು. ಕುಸಿದ ಹಿಮ ಕಲ್ಲಿನಂತೆ ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಮುರಿಯುತ್ತದೆ. ಪ್ರೋಬ್ 240 ಸೆಂಮೀಗಿಂತ ಚಿಕ್ಕದು ಬೇಡ.

ಹಾಗಾದರೆ ಬಿಡುವುದೇನು? ಬಟ್ಟೆ. ಎರಡನೇ ಪ್ಯಾಂಟು, ಮೂರನೇ ಜಾಕೆಟ್, "ಇರಲಿ ಅಂತ" ತುಂಬಿದ್ದೆಲ್ಲ ತೆಗೆಯಿರಿ. ಗಾಳಿ ತಡೆಯುವ ಒಂದು ಪದರ, ಒಂದು ಪಫರ್ ಜಾಕೆಟ್, ಹತ್ತಲು ತೆಳು ಗ್ಲೌಸು, ಇಳಿಯಲು ದಪ್ಪದ್ದು, ಒಂದು ಜೊತೆ ಒಣ ಕಾಲುಚೀಲ. ಹಟ್‌ನಲ್ಲಿ ಹೊದಿಕೆ ಇದ್ದರೆ ಸ್ಲೀಪಿಂಗ್ ಬ್ಯಾಗೂ ಬೇಡ, ಮಲಗಲು ತೆಳು ಲೈನರ್ (ಬಟ್ಟೆಯ ಒಳಚೀಲ) ಸಾಕು. ನೀರಿಗೆ ಬಾಟಲಿಯೇ ವಾಸಿ, ಪೈಪಿನ ನೀರುಚೀಲ ತಂದರೆ ಪೈಪು ಹೆಪ್ಪುಗಟ್ಟುತ್ತದೆ.

ತುಂಬುವಾಗ ಲೈನರ್ ತಳದಲ್ಲಿ, ಊಟದಂಥ ಭಾರದ್ದು ಬೆನ್ನಿಗೆ ತಾಗಿ, ಪಫರ್ ಮೇಲೆ. ಸಲಿಕೆ-ಪ್ರೋಬ್‌ಗೆ ಅವುಗಳದ್ದೇ ಜೇಬು, ಅದರಲ್ಲಿ ಬೇರೇನನ್ನೂ ತುರುಕಬೇಡಿ. ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳುವ ಸೊಂಟದ ಪಟ್ಟಿ) ಹಿಮನದಿಗೆ ಕಾಲಿಡುವ ಮೊದಲೇ ಮೈಮೇಲೆ ಇರಬೇಕು. ಹಗ್ಗ ಬ್ಯಾಗಿನ ತಳಕ್ಕೆ ಹೋಗಬಾರದು, ಯಾರಾದರೂ ಹಿಮನದಿಯ ಬಿರುಕಿಗೆ ಬಿದ್ದಾಗ ಅದನ್ನು ಹುಡುಕುತ್ತಾ ಕೂರಲು ಆಗಲ್ಲ, ಅಲ್ವಾ? ಕ್ರ್ಯಾಂಪಾನ್‌ಗಳನ್ನು (ಬೂಟಿನ ಅಡಿಗೆ ಹಾಕುವ ಲೋಹದ ಮುಳ್ಳುಪಟ್ಟಿ) ಮನೆಯಲ್ಲೇ ಅದೇ ಬೂಟಿಗೆ ಹಾಕಿ ಅಳತೆ ಕೂರಿಸಿಕೊಳ್ಳಿ.

ರಿಪೇರಿ ಚೀಲ ಚಿಕ್ಕದು, ಆದರೆ ಮರೆಯಬೇಡಿ: ಒಂದೆರಡು ಸ್ಕೀ ಸ್ಟ್ರಾಪ್, ತಂತಿ, ಗಟ್ಟಿ ಟೇಪು, ನಿಮ್ಮ ಬೈಂಡಿಂಗ್ ಸ್ಕ್ರೂಗೆ ಹೊಂದುವ ಬಿಟ್.

ಬೂಟಿನ ಮಾದರಿ ಯಾವುದು ಅಂತ ತಿಳಿಸಿ, ಯಾವ ಥರದ ಕ್ರ್ಯಾಂಪಾನ್ ಅದಕ್ಕೆ ಕೂರುತ್ತದೆ ಹೇಳುತ್ತೇನೆ.