ಪ್ರತಿಕ್ರಿಯೆ: ಕೋಲ್ಡ್ ಬ್ಲೂ ಹಚ್ಚಿದ ಮೇಲೂ ವಿಂಚೆಸ್ಟರ್ 94 ರೈಫಲ್‌ಗೆ ತುಕ್ಕು ಯಾಕೆ?

ಕೋಲ್ಡ್ ಬ್ಲೂ (ಬಿಸಿ ಮಾಡದೇ ಉಕ್ಕಿಗೆ ಕಪ್ಪು-ನೀಲಿ ಬಣ್ಣ ಕೊಡುವ ದ್ರಾವಣ) ಹಚ್ಚಿದ ವಾರದಲ್ಲೇ ನಳಿಗೆ ಮತ್ತೆ ಕೆಂಪಾಯಿತು ಅಂದಿರಿ. ಬಹುಶಃ ಸಣ್ಣ ಕುಳಿಗಳೊಳಗೆ ಹಳೇ ತುಕ್ಕು ಹಾಗೇ ಉಳಿದಿದೆ. ಕೋಲ್ಡ್ ಬ್ಲೂ ತೀರಾ ತೆಳು, ತುಕ್ಕನ್ನು ಸುಮ್ನೆ ಮುಚ್ಚುತ್ತದೆ ಅಷ್ಟೇ. ಮರಳು ಕಾಗದ ಮಾತ್ರ ಬೇಡ. ನಳಿಗೆಯ ಮೇಲಿನ ಅಕ್ಷರ ಸವೆದರೆ ವಾಪಸ್ ಬರುವುದಿಲ್ಲ.

ಮೊದಲು ಚೇಂಬರ್ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ಮತ್ತು ಮ್ಯಾಗಜೀನ್ ಕೊಳವೆ ಎರಡೂ ಖಾಲಿ ಇವೆಯೇ ನೋಡಿ. ಮರದ ಭಾಗಗಳನ್ನು ಬಿಚ್ಚಿಡಿ. ಒಲೆಯಿಂದ ದೂರ ಕೂತು ಅಸಿಟೋನ್‌ನಿಂದ ಜಿಡ್ಡು ತೆಗೆಯಿರಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ನಂತರ ನಳಿಗೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅರ್ಧ ಗಂಟೆ ಕುದಿಸಿ. ಕೆಂಪು ತುಕ್ಕು ಮ್ಯಾಗ್ನಟೈಟ್ ಅನ್ನುವ ಕಪ್ಪು ಕಬ್ಬಿಣದ ಆಕ್ಸೈಡ್ ಆಗಿ ಮಖಮಲ್ ಥರ ನಿಲ್ಲುತ್ತದೆ. ಒಣಗಿದ ಮೇಲೆ ತೀರಾ ನವಿರಾದ 0000 ಸ್ಟೀಲ್ ವೂಲ್‌ನಿಂದ ಹಗುರವಾಗಿ ಉಜ್ಜಿ. ಆ ವೂಲ್‌ನಲ್ಲೂ ಎಣ್ಣೆ ಇರುತ್ತದೆ, ಅದನ್ನೂ ಮೊದಲೇ ಅಸಿಟೋನ್‌ನಲ್ಲಿ ತೊಳೆದಿರಬೇಕು. ಜಾಸ್ತಿ ಜನ ಮರೆಯುವುದು ಇದನ್ನೇ. ಕೆಂಪು ಪೂರ್ತಿ ಹೋಗುವವರೆಗೆ ಕುದಿಸಿ, ಉಜ್ಜಿ.

ಬಣ್ಣ ಇನ್ನೂ ಸಾಲದಿದ್ದರೆ ರಸ್ಟ್ ಬ್ಲೂ ದ್ರಾವಣವನ್ನು (ತೆಳುವಾಗಿ ತುಕ್ಕು ಹಿಡಿಸುವಂಥದ್ದು, ಆ ತುಕ್ಕೇ ಕುದಿಸಿದಾಗ ಕಪ್ಪಾಗುತ್ತದೆ) ತೆಳುವಾಗಿ ಹಚ್ಚಿ, ತೇವದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಟ್ಟು, ಮತ್ತೆ ಕುದಿಸಿ ಉಜ್ಜಿ. ಹೀಗೆ ಐದಾರು ಸುತ್ತು ಬೇಕಾಗಬಹುದು. ನನ್ನನ್ನು ಕೇಳಿದರೆ, 1964ಕ್ಕಿಂತ ಹಳೆಯದಾದರೆ ಕುದಿಸಿ ಉಜ್ಜುವಷ್ಟಕ್ಕೇ ನಿಲ್ಲಿಸಿ, ರಸ್ಟ್ ಬ್ಲೂ ಬೇಡ. ಹೊಸ ಬ್ಲೂಯಿಂಗ್ ಕಂಡರೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ.

ಸೀರಿಯಲ್ ನಂಬರ್ 27 ಲಕ್ಷ ದಾಟಿದ್ದರೆ (ಅಂದರೆ 1964 ಅಥವಾ ಆಮೇಲಿನದು) ಮಾತ್ರ ರಿಸೀವರ್, ಅಂದರೆ ನಳಿಗೆಯ ಹಿಂದಿನ ಯಂತ್ರದ ಭಾಗದ ಲೋಹ ಬೇರೆ ಇರಬಹುದು, ಬಣ್ಣ ಸರಿಯಾಗಿ ಹಿಡಿಯುವುದು ಅನುಮಾನ. ಅದನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ತೋರಿಸಿ. ನಳಿಗೆಯ ಒಳಗೂ ಕುಳಿ ಇದ್ದರೆ ಅವರು ನೋಡುವವರೆಗೆ ಗುಂಡು ಹಾರಿಸಬೇಡಿ. ಕೆಲಸ ಮುಗಿದ ಕೂಡಲೇ ಒಳಗೂ ಹೊರಗೂ ಎಣ್ಣೆ ಹಚ್ಚಿ.