ಮಚೋಕ್‌ನ ಟ್ರೇಡ್ ಮಾಡಿ ಮಚ್ಯಾಂಪ್ ಮಾಡಿಕೊಳ್ಳಲಾ, ಇಲ್ಲ ಕ್ಯಾಂಡಿ ಕೂಡಿಸಲಾ?

ಭಾನುವಾರ ಗೆಳೆಯನ ಜೊತೆ ಆ ಟ್ರೇಡ್, ಅಂದರೆ ಪೊಕೆಮಾನ್ ಅದಲುಬದಲು, ಮಾಡಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಇದೊಂದು ಮಾತು ಮೊದಲು ಕೇಳಿ.

ನೀವು ಬರೆದದ್ದು ಇಷ್ಟು: ಪೊಕೆಮಾನ್ ಗೋ ಅನ್ನೋ ಫೋನ್ ಆಟದಲ್ಲಿ ಹುಟ್ಟುಬಲ ಶೇ. 98 ಇರುವ ಮಚೋಕ್, ಅದನ್ನು ಮುಂದಿನ ರೂಪವಾದ ಮಚ್ಯಾಂಪ್‌ಗೆ ಬೆಳೆಸಲು ಕೊಡಬೇಕಾದ ಕ್ಯಾಂಡಿ ಕೈಯಲ್ಲಿ 62, ಬೇಕಿರುವುದು 100. ಗೆಳೆಯನಿಗೆ ಕೊಟ್ಟು, ಅವನ ಫೋನಲ್ಲಿ ಪುಕ್ಕಟೆ ಮಚ್ಯಾಂಪ್ ಮಾಡಿಸಿ, ವಾಪಸ್ ತಗೊಳ್ಳೋಣ ಅಂತ ನಿಮ್ಮ ಲೆಕ್ಕ. 2020ರ ಫೆಬ್ರವರಿಯಲ್ಲಿ ನನ್ನ ಲೆಕ್ಕವೂ ಇದೇ ಆಗಿತ್ತು. ನನ್ನದೂ ಶೇ. 98ರ ಮಚೋಕ್.

ಅದು ಇನ್ನೂ ಮೊದಲ ರೂಪದ ಮಚಾಪ್ ಆಗಿದ್ದಾಗ ಸಿಕ್ಕಿದ್ದು ಲಾಲ್‌ಬಾಗ್‌ನಲ್ಲಿ. ಈ ಆಟ ಭಾರತಕ್ಕೆ ಬಂದಿದ್ದು 2016ರ ಡಿಸೆಂಬರ್ 14ಕ್ಕೆ. ಅದೇ ಹೊತ್ತಿಗೆ ಅಪ್ಪನ ಎದೆಗೆ ಸ್ಟೆಂಟ್ ಹಾಕಿಸಿತ್ತು. ದಿನಾ ನಡೀಲೇಬೇಕು ಅಂತ ಡಾಕ್ಟರ್ ಹೇಳಿದ್ದರು. ಒಬ್ಬರೇ ಹೋಗಲು ಅವರಿಗೆ ಬೇಜಾರು, ಅಮ್ಮನಿಗೆ ಭಯ. ಹಾಗಾಗಿ ನಾನೂ ಜೊತೆಗೆ ಹೊರಡುತ್ತಿದ್ದೆ. ಕೈಯಲ್ಲಿ ಹೊಸ ಜಿಯೋ ಸಿಮ್, ಹೊಸ ಆಟ.

ಜನವರಿಯ ಒಂದು ಬೆಳಗ್ಗೆ ಕೆಂಪೇಗೌಡ ಗೋಪುರದ ಬಂಡೆ ಮೇಲೆ ಉಸಿರು ತಗೊಳ್ಳಲು ಕೂತಿದ್ದೆವು. ಫೋನಲ್ಲಿ ಮಚಾಪ್ ಎದ್ದು ನಿಂತಿತು. ಬೂದು ನೀಲಿ ಮೈ, ತಲೆ ಮೇಲೆ ಮೂರು ಏಣು, ಮಗುವಿನಷ್ಟು ಎತ್ತರ. ಅಪ್ಪ ಬಗ್ಗಿ ನೋಡಿದರು. ಅವರು ಹುಡುಗರಾಗಿದ್ದಾಗ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಇದು ಕುಸ್ತಿ ಜಾತಿಯದ್ದು, ಕಲ್ಲಿನ ಮೈಯ ಗ್ರಾವೆಲರ್ ಅನ್ನೋ ಇನ್ನೊಂದು ಪೊಕೆಮಾನನ್ನೇ ಎತ್ತಿ ಎತ್ತಿ ಕಸರತ್ತು ಮಾಡುತ್ತೆ ಅಂತ ಹಳೇ ಆಟಗಳಲ್ಲಿ ಬರೆದಿದೆ ಅಂದೆ. "ಓ, ಗುಂಡು ಎತ್ತೋದು!" ಅಂದರು. ಅವತ್ತೇ ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ 'ಗರಡಿ' ಅಂತ ಹೆಸರಿಟ್ಟೆ.

ಅದನ್ನು ಬಡ್ಡಿ (buddy), ಅಂದರೆ ಆಟದಲ್ಲಿ ಜೊತೆಗೆ ನಡೆಯುವ ಗೆಳೆಯ, ಮಾಡಿಕೊಂಡು ನಡೆದೆವು. ಮಚಾಪ್‌ಗೆ 3 ಕಿಲೋಮೀಟರಿಗೆ ಒಂದು ಕ್ಯಾಂಡಿ. ಅಪ್ಪನಿಗೆ ಆಟ ಗೊತ್ತಾಗುತ್ತಿರಲಿಲ್ಲ, ಆದರೆ ಲೆಕ್ಕ ಬಾಯಿಪಾಠ. "ಇವತ್ತು ಒಂದು ಬರಬೇಕಲ್ಲ?" ಅಂತ ಗೇಟಿನ ಹತ್ತಿರವೇ ಕೇಳುತ್ತಿದ್ದರು. 25 ಕ್ಯಾಂಡಿ ಆದಾಗ ಅದು ಮಚೋಕ್ ಆಯಿತು. ಸೊಂಟಕ್ಕೆ ಆ ಬೆಲ್ಟ್ ಬಂತಲ್ಲ, ಅದು ಅಂದಕ್ಕೆ ಕಟ್ಟಿಕೊಂಡದ್ದಲ್ಲ, ಅದರ ಶಕ್ತಿ ಹದ್ದು ಮೀರದ ಹಾಗೆ ಹಿಡಿದಿಡೋದಕ್ಕೆ ಅಂತ ಹೇಳಿದಾಗ ಅಪ್ಪನಿಗೆ ತುಂಬ ಇಷ್ಟವಾಯಿತು.

ಆಮೇಲೆ ಅಪ್ಪ ಹುಷಾರಾದರು, ನನಗೆ ಕೆಲಸ ಜಾಸ್ತಿಯಾಯಿತು, ನಡಿಗೆ ಕಮ್ಮಿಯಾಯಿತು. ಬಂದ ಕ್ಯಾಂಡಿಯಲ್ಲಿ ಅರ್ಧ ಗರಡಿಯ ಬಲ ಹೆಚ್ಚಿಸೋದಕ್ಕೇ ಸುರಿದೆ. 2020 ಬಂದಾಗ ನನ್ನ ಹತ್ತಿರ ಇದ್ದದ್ದು 71 ಕ್ಯಾಂಡಿ.

ಆ ಜನವರಿಯಲ್ಲೇ ಆಟದಲ್ಲಿ ಹೊಸ ನಿಯಮ ಬಂತು. ಮಚೋಕ್, ಕಡಾಬ್ರಾ, ಗ್ರಾವೆಲರ್, ಹಾಂಟರ್ ಇಂಥವನ್ನು ಟ್ರೇಡ್ ಮಾಡಿದರೆ, ಪಡೆದವರು ಒಂದೂ ಕ್ಯಾಂಡಿ ಕೊಡದೆ ಮುಂದಿನ ರೂಪಕ್ಕೆ ಬೆಳೆಸಬಹುದು. ಓದಿದ ತಕ್ಷಣ ಮೈಸೂರಿನ ನನ್ನ ಸೋದರಮಾವನ ಮಗನಿಗೆ ಫೋನ್ ಮಾಡಿದೆ.

ನನ್ನ ತಪ್ಪು ಹುಟ್ಟಿದ್ದು ಇಲ್ಲಿ. ನಿಮ್ಮದೂ ಇಲ್ಲೇ ಹುಟ್ಟುತ್ತಿದೆ ಅನ್ನಿಸುತ್ತೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಚಿಕ್ಕವರಿದ್ದಾಗ ನಮ್ಮಿಬ್ಬರ ಹತ್ತಿರ ಎರಡು ಗೇಮ್ ಬಾಯ್ ಅಡ್ವಾನ್ಸ್ ಇದ್ದವು. ಮಾವ ದುಬೈನಿಂದ ತಂದದ್ದು. ಇಬ್ಬರೂ ಫೈರ್‌ರೆಡ್ ಆಡುತ್ತಿದ್ದೆವು. ಅದರಲ್ಲಿ ಮಚಾಪ್ 28ನೇ ಲೆವೆಲ್‌ಗೆ ಮಚೋಕ್ ಆಗುತ್ತೆ. ಆಮೇಲೆ ಎಷ್ಟೇ ಲೆವೆಲ್ ಏರಿಸಿದರೂ ಮಚ್ಯಾಂಪ್ ಆಗಲ್ಲ, ಟ್ರೇಡ್ ಮಾಡಲೇಬೇಕು. ನಾವು ಕೇಬಲ್ ಸಿಕ್ಕಿಸಿ, ನಾನು ಅವನಿಗೆ ಕೊಟ್ಟು, ಅವನ ಪರದೆ ಮೇಲೆ ಅದು ನಾಲ್ಕು ತೋಳು ಬಿಚ್ಚೋದನ್ನು ನೋಡಿ, ಮರುಕ್ಷಣ ವಾಪಸ್ ತಗೊಳ್ಳುತ್ತಿದ್ದೆ. ಹೋದದ್ದೇ ಬರುತ್ತಿತ್ತು. ಅದೇ ಬಲ, ಅದೇ ಹೆಸರು. ಟ್ರೇಡ್ ಅಂದರೆ ನನ್ನ ತಲೆಯಲ್ಲಿ ಪಕ್ಕದ ಮನೆಗೆ ಹೋಗಿ ಬಂದ ಹಾಗೆ.

ಪೊಕೆಮಾನ್ ಗೋದಲ್ಲಿ ಟ್ರೇಡ್ ಅಂದರೆ ಅದಲ್ಲ. ಒಂದು ಪೊಕೆಮಾನ್ ಅದರ ಜೀವಮಾನದಲ್ಲಿ ಒಂದೇ ಸಲ ಕೈ ಬದಲಿಸಬಹುದು. ಒಮ್ಮೆ ನಿಮ್ಮ ಗೆಳೆಯನ ಫೋನಿಗೆ ಹೋಯಿತೋ, ಮುಗೀತು. ಅವನು ಅದನ್ನು ನಿಮಗೂ ಕೊಡಲಾರ, ಇನ್ನೊಬ್ಬರಿಗೂ ಕೊಡಲಾರ. ಎಷ್ಟೇ ಆಪ್ತ ಗೆಳೆಯನಾಗಿದ್ದರೂ ಆಗಲ್ಲ. ಇದು ಒಂದನೇದು. ಎರಡನೇದು, ಟ್ರೇಡ್ ಆದ ಕ್ಷಣ ಅದರ ಐವಿ, ಅಂದರೆ ಹುಟ್ಟುಬಲದ ಅಂಕ, ಅಳಿಸಿ ಹೋಗಿ ಹೊಸದಾಗಿ ಬೀಳುತ್ತೆ. ಅಟ್ಯಾಕ್, ಡಿಫೆನ್ಸ್, ಎಚ್‌ಪಿ ಅಂತ ಮೂರು ಪಟ್ಟಿಗಳಿವೆಯಲ್ಲ, ಒಂದೊಂದಕ್ಕೂ 15ರ ತನಕ ಅಂಕ. ನಿಮ್ಮ ಶೇ. 98 ಅಂದರೆ 45ಕ್ಕೆ 44. ಟ್ರೇಡ್ ಆದಮೇಲೆ ಆ 44 ಎಲ್ಲೂ ಇರಲ್ಲ. ಆಟದಲ್ಲಿ ನಿಮ್ಮಿಬ್ಬರ ಸ್ನೇಹದ ಮಟ್ಟ ಗ್ರೇಟ್ ಫ್ರೆಂಡ್ಸ್ ಆಗಿದ್ದರೆ ಪ್ರತಿ ಪಟ್ಟಿಗೂ ಕನಿಷ್ಠ 2, ಬೆಸ್ಟ್ ಫ್ರೆಂಡ್ಸ್ ಆಗಿದ್ದರೆ ಕನಿಷ್ಠ 5. ಲಕ್ಕಿ ಟ್ರೇಡ್ ಆದರೆ ಮಾತ್ರ ಕನಿಷ್ಠ 12. ಅದಕ್ಕಿಂತ ಮೇಲೆ ಏನು ಬೀಳುತ್ತೋ ಅದು. ಅಂದರೆ ನಿಮ್ಮ ಶೇ. 98 ನಿಮ್ಮ ಗೆಳೆಯನಿಗೂ ಸಿಗಲ್ಲ. ಯಾರಿಗೂ ಸಿಗಲ್ಲ.

ನನಗೆ ಇದೆರಡೂ ಗೊತ್ತಿರಲಿಲ್ಲ. ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ, ಕಲ್ಲು ಬೆಂಚಿನ ಮೇಲೆ, ಇಬ್ಬರೂ ಫೋನ್ ಹಿಡಿದು ಕೂತೆವು. ಅವತ್ತು ಬೆಳಗ್ಗೆ ಗರಡಿಯನ್ನು ಬಡ್ಡಿ ಜಾಗದಿಂದ ನಾನೇ ಇಳಿಸಿದ್ದೆ. ಅವನು ತನ್ನ ಒಂದು ಮಚೋಕ್ ಇಟ್ಟ. ನಾನು ಗರಡಿಯನ್ನು ಇಟ್ಟೆ. ಅದರ ಸಿಪಿ, ಅಂದರೆ ಕಾದಾಟದ ಒಟ್ಟು ಬಲ, 1735. ಒಪ್ಪಿಗೆ ಕೊಡೋ ಮುಂಚೆ ಪರದೆ ಮೇಲೆ ಬರುತ್ತೆ, ಪಡೆಯುವವರಿಗೆ ಸಿಪಿ ಇಷ್ಟರಿಂದ ಇಷ್ಟರ ಒಳಗೆ ಇರುತ್ತೆ ಅಂತ. ಅವನ ಫೋನಲ್ಲಿ 1496ರಿಂದ 1741 ಅಂತ ತೋರಿಸುತ್ತಿತ್ತು. ಇಬ್ಬರೂ ನೋಡಿದೆವು. "ಇದೇನೋ ಎರಡು ನಂಬರು?" ಅಂತ ಅವನು ಕೇಳಿದ. "ಬಿಡೋ, ಹೇಗಿದ್ರೂ ವಾಪಸ್ ಬರುತ್ತಲ್ಲ" ಅಂದೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಆಟ ಎರಡು ನಂಬರು ತೋರಿಸಿ ಎಚ್ಚರಿಸಿತ್ತು, ಅವನು ಬಾಯಿಬಿಟ್ಟು ಕೇಳಿದ್ದ, ನಾನು ಬೆರಳು ಒತ್ತಿದೆ. ಖರ್ಚಾದದ್ದು ಆಟದೊಳಗಿನ 100 ಸ್ಟಾರ್‌ಡಸ್ಟ್, ಅಷ್ಟೇ.

ಅವನ ಫೋನಲ್ಲಿ ಗರಡಿಯ ಸಿಪಿ 1586 ಆಗಿತ್ತು. ಐವಿ ತೋರಿಸುವ ಅಪ್ರೈಸ್ ಒತ್ತಿದ. ತುಂಬಿ ಕೆಂಪಾಗಿರುತ್ತಿದ್ದ ಅಟ್ಯಾಕ್ ಪಟ್ಟಿ ಕಾಲು ಭಾಗಕ್ಕೆ ಬಂದು ನಿಂತಿತು. ಅಂಕ 4, 11, 7. ನಾನು ತಪ್ಪು ಪೊಕೆಮಾನ್ ನೋಡುತ್ತಿದ್ದೀನಿ ಅಂದುಕೊಂಡೆ. "ಸರಿ, ಮಚ್ಯಾಂಪ್ ಮಾಡಿ ವಾಪಸ್ ಕೊಡು" ಅಂದೆ. ಅವನು ಮಾಡಿದ. ನಾಲ್ಕು ತೋಳು ಬಂದವು. ಆಮೇಲೆ ಟ್ರೇಡ್ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಹುಡುಕಿದ, ಅದನ್ನು ಆರಿಸಲು ಆಗಲೇ ಇಲ್ಲ. ಅರ್ಧ ಗಂಟೆ ಆಟ ಮುಚ್ಚಿ ತೆಗೆದು, ಮುಚ್ಚಿ ತೆಗೆದು ನೋಡಿದೆವು.

ನನ್ನ ಕೈಗೆ ಬಂದ ಅವನ ಮಚೋಕ್ ಕೂಡ ಪುಕ್ಕಟೆಯಾಗಿ ಮಚ್ಯಾಂಪ್ ಆಯಿತು. ಲೆಕ್ಕಕ್ಕೆ ನನಗೇನೂ ನಷ್ಟ ಇಲ್ಲ, ಒಂದು ಕೊಟ್ಟೆ, ಒಂದು ಬಂತು. ಆದರೆ ಲಾಲ್‌ಬಾಗ್‌ನದ್ದು, ಅಪ್ಪ ಗೇಟಿನ ಹತ್ತಿರ ಕ್ಯಾಂಡಿ ಲೆಕ್ಕ ಕೇಳಿದ್ದು, ಅದು ನನ್ನ ಫೋನಲ್ಲಿ ಇಲ್ಲ. ಮರುತಿಂಗಳು ಲಾಕ್‌ಡೌನ್ ಬಂತು. ಸಂಜೆ ಟೆರೇಸ್ ಮೇಲೆ ಸುತ್ತು ಹೊಡೆಯುವಾಗ "ನಮ್ಮ ಪೈಲ್ವಾನ ಎಲ್ಲಿ, ತೋರಿಸು" ಅಂತ ಅಪ್ಪ ಕೇಳಿದರು. ಅವನ ಮಚ್ಯಾಂಪ್ ತೋರಿಸಿ ಇದೇ ಅಂತ ಹೇಳಬಹುದಿತ್ತು. ಹೇಳಲಿಲ್ಲ. ನಡೆದದ್ದನ್ನು ಹೇಳಿದೆ. ಅವರು ಸುಮ್ನೆ ತಲೆ ಆಡಿಸಿ ಇನ್ನೊಂದು ಸುತ್ತು ಹೊರಟರು.

ಆಮೇಲೆ, 2021ರ ಜನವರಿ 16ಕ್ಕೆ ಮಚಾಪ್ ಕಮ್ಯುನಿಟಿ ಡೇ ಬಂತು. ಬೆಳಗ್ಗೆ 11ರಿಂದ ಸಂಜೆ 5ರ ತನಕ ಎಲ್ಲಿ ನೋಡಿದರೂ ಮಚಾಪ್. ನನಗೆ ಬೇಕಿದ್ದ ಬರೀ 29 ಕ್ಯಾಂಡಿ ಅವತ್ತು ಹತ್ತು ನಿಮಿಷದಲ್ಲಿ ಆಗುತ್ತಿತ್ತು. ಹನ್ನೊಂದು ತಿಂಗಳು ಕಾಯಬೇಕಿತ್ತು, ಅಷ್ಟೇ.

ಈಗ ನಿಮ್ಮ ಪ್ರಶ್ನೆ. ಟ್ರೇಡಾ ಕ್ಯಾಂಡಿಯಾ, ಯಾವುದು ಅಗ್ಗ ಅಂತ ಕೇಳಿದ್ದೀರಿ. ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಇವೆರಡೂ ಒಂದೇ ಊರಿಗೆ ಹೋಗುವ ಎರಡು ದಾರಿ ಅಲ್ಲ. ಕ್ಯಾಂಡಿ ಕೊಟ್ಟರೆ ನಿಮ್ಮ ಮಚೋಕ್ ಮಚ್ಯಾಂಪ್ ಆಗುತ್ತೆ. ಟ್ರೇಡ್ ಮಾಡಿದರೆ ಇನ್ಯಾರದೋ ಮಚೋಕ್ ನಿಮ್ಮ ಹತ್ತಿರ ಮಚ್ಯಾಂಪ್ ಆಗುತ್ತೆ. ಗೆಳೆಯ ಬರಲಿ, ಖಂಡಿತ ಟ್ರೇಡ್ ಮಾಡಿ, ಆದರೆ ಇಬ್ಬರೂ ಅಪ್ರೈಸ್‌ನಲ್ಲಿ ಮೂರು ಸ್ಟಾರ್ ಬರದ, ಮನಸ್ಸಿಗೆ ಹತ್ತಿರ ಇಲ್ಲದ ಮಚೋಕ್‌ಗಳನ್ನು ಇಡಿ. ಐವಿ ಹೇಗೂ ಹೊಸದಾಗಿ ಬೀಳುವುದರಿಂದ ಕಳಪೆ ಒಂದು ಚೆನ್ನಾಗಿ ಆದರೂ ಆಗಬಹುದು. ಟ್ರೇಡ್ ಇರುವುದು ಅಂಥವಕ್ಕೇ.

ಲುಕಾರಿಯೋ, ಟೆರಾಕಿಯಾನ್, ಕಾಂಕೆಲ್ಡರ್ ಅಂತ ಬೇರೆ ಕುಸ್ತಿ ಪೊಕೆಮಾನ್‌ಗಳೆಲ್ಲ ಬಂದಮೇಲೆ ಮಚ್ಯಾಂಪ್ ಯಾಕೆ ಬೇಕು ಅಂತಲೂ ಬರೆದಿದ್ದೀರಿ. ಪಟ್ಟಿಯಲ್ಲಿ ಅವು ಮೇಲಿವೆ, ನಿಜ. ಆದರೆ ಜಿಮ್ ಅನ್ನೋ ಆಟದ ಅಖಾಡದಲ್ಲಿ ಕೂತಿರುವ ಬ್ಲಿಸ್ಸಿ, ಸ್ನೋರ್ಲ್ಯಾಕ್ಸ್‌ಗಳನ್ನು ಏಳಿಸಲು ಕೌಂಟರ್, ಡೈನಮಿಕ್ ಪಂಚ್ ಅನ್ನೋ ಏಟುಗಳಿರುವ ಮಚ್ಯಾಂಪ್ ಇವತ್ತಿಗೂ ಸಾಕು. ಟೈರಾನಿಟಾರ್ ಮೇಲಂತೂ ಕುಸ್ತಿ ಏಟು ಎರಡೆರಡು ಸಲ ಗುಣಿಸಿ 2.56 ಪಟ್ಟು ಬೀಳುತ್ತೆ. ಗುಂಪಾಗಿ ಕಾದಾಡುವ ರೇಡ್‌ನಲ್ಲಿ ಹಿಡಿಯಬೇಕಾದ ಟೆರಾಕಿಯಾನ್‌ಗೆ ಯಾಕೆ ಕಾಯುತ್ತೀರಿ, ಬೀದಿಯಲ್ಲಿ ಸಿಗೋದು ಇರುವಾಗ?

ನಿಮಗೆ ಬೇಕಿರುವುದು 38 ಕ್ಯಾಂಡಿ. ಬರೀ ನಡೆದರೇ 114 ಕಿಲೋಮೀಟರ್. ದಿನಕ್ಕೆ 4 ನಡೆದರೆ ತಿಂಗಳೊಳಗೆ ಆಯಿತು. ಆದರೆ ಅಷ್ಟೆಲ್ಲ ಬೇಕಾಗಲ್ಲ. ಮೋಡ ಕವಿದ ದಿನ ಕುಸ್ತಿ (ಫೈಟಿಂಗ್) ಜಾತಿಯವು ಜಾಸ್ತಿ ಬರುತ್ತವೆ, ನೀವು ಬೆಂಗಳೂರಿನವರು ಅಂತ ಬರೆದಿದ್ದೀರಿ, ಜುಲೈನಲ್ಲಿ ಇಲ್ಲಿ ಬಿಸಿಲು ಬಂದರೇ ಸುದ್ದಿ ಅಲ್ವಾ. ಮಚಾಪ್ ಕಂಡ ತಕ್ಷಣ ಪಿನ್ಯಾಪ್ ಬೆರ್ರಿ ಕೊಟ್ಟು ಹಿಡಿಯಿರಿ, ಮೂರರ ಬದಲು ಆರು ಕ್ಯಾಂಡಿ. ಅದನ್ನು ಟ್ರಾನ್ಸ್‌ಫರ್ ಮಾಡಿದರೆ, ಅಂದರೆ ಆಟಕ್ಕೇ ಬಿಟ್ಟುಕೊಟ್ಟರೆ, ಇನ್ನೊಂದು. ಆರು ಮಚಾಪ್ ಸಿಕ್ಕರೆ ನಿಮ್ಮ ಕೆಲಸ ಮುಗಿಯಿತು. ರೇಡ್ ಆಡಿ ಸಿಕ್ಕ ರೇರ್ ಕ್ಯಾಂಡಿ ಬ್ಯಾಗಲ್ಲಿ ಬಿದ್ದಿದ್ದರೆ ಅದನ್ನೂ ಸುರಿಯಿರಿ, ನನಗೆ ಅಡ್ಡಿಯಿಲ್ಲ. ಬಲ ಹೆಚ್ಚಿಸೋದಕ್ಕೆ ಮಾತ್ರ ಈಗಲೇ ಒಂದೂ ಖರ್ಚು ಮಾಡಬೇಡಿ, ಮೊದಲು ನಾಲ್ಕು ತೋಳು ಬರಲಿ.

ಆಮೇಲೆ ಇನ್ನೊಂದು. ನಿಮ್ಮ ಮಚೋಕ್‌ನ ಕಾರ್ಡ್ ಕೆಳಗೆ, ಎಲ್ಲಿ, ಯಾವತ್ತು ಹಿಡಿದಿದ್ದು ಅಂತ ಇರುತ್ತೆ. ಇವತ್ತು ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಗರಡಿಯದ್ದು ನನ್ನ ಹತ್ತಿರ ಇಲ್ಲ.